ಒಂದು ಮಾತೂ ಬಿಡದೆ

ಅಮ್ಮ,

ನೀನು ತೀರಿಕೊಂಡ ಮೇಲೆ ಇವತ್ತೇ ಮೊದಲು ಮರ್ಸೆಡ್‌ನ ಆಸ್ಪತ್ರೆಗೆ ಹೋಗಿದ್ದೆ. ಕಿಯಾ ಅತ್ತೆಗೂ ನಿನ್ನ ಹಾಗೆಯೇ ಕಿಡ್ನಿ ತೊಂದರೆ, ಅಮೆರಿಕಕ್ಕೆ ಬಂದು ಇಷ್ಟು ವರ್ಷವಾದರೂ ಇಂಗ್ಲಿಷ್ ಬಾರದು. ಕಾಲೇಜು ಹಾಸ್ಟೆಲಿನಿಂದ ಬಂದು, ಆಗ ನಿನಗೆ ಆಗುತ್ತಿದ್ದ ಹಾಗೆ, ಅವಳಿಗೂ ನಾನೇ ದುಭಾಷಿಯಾದೆ. ಹೆದರಿಕೆಯಿತ್ತು, ಆದರೂ ಡಾಕ್ಟರು ಹೇಳಿದ್ದನ್ನೆಲ್ಲ, ಉಪ್ಪು, ಉಪ್ಪುಪ್ಪಾದ ಮೀನಿನ ಸಾಸ್ ಕಡಿಮೆ ಮಾಡಬೇಕೆಂಬುದನ್ನೂ, ಒಂದು ಮಾತೂ ಬಿಡದೆ ನಮ್ಮ ಹ್ಮಾಂಗ್ ಭಾಷೆಯಲ್ಲಿ ಹೇಳಿದೆ. ಅರ್ಥವಾಯಿತಾ ಎಂದು ಅವರು ಕೇಳಿದಾಗ ನಾನೇ ಹೂಂ ಅನ್ನದೆ ಅತ್ತೆಯನ್ನು ಕೇಳಿದೆ.

"ಮೀನಿನ ಸಾಸ್ ಬಿಟ್ಟು ಹುಲ್ಲು ತಿನ್ಲಾ ಅಂತ ಕೇಳೇ ಅವ್ರನ್ನ!" ಅಂದಳು ಅತ್ತೆ.

ಅದನ್ನೂ ಹಾಗೇ ಹೇಳಿದೆ. ಡಾಕ್ಟರು ನಕ್ಕು, ಎಷ್ಟು ಹಾಕಬಹುದೆಂದು ಚಮಚದಲ್ಲಿ ತೋರಿಸಿದರು.

ಹೊರಗೆ ಬಂದ ಮೇಲೆ ಅತ್ತೆ, "ಎಷ್ಟ್ ಮಾತಾಡ್ತಾರೆ ಮಾರಾಯ್ತಿ! ನಿಮ್ಮಮ್ಮನ ಡಾಕ್ಟ್ರು ಮಾತ್ರೆ ನುಂಗಿ ಅಂತಷ್ಟೇ ಹೇಳ್ತಿದ್ರಂತಲ್ಲ?" ಅಂದಳು.

ಅದೇ ಡಾಕ್ಟರು, ಅಮ್ಮ. ಆಗಲೂ ಇಷ್ಟೇ ಮಾತಾಡುತ್ತಿದ್ದರು. ನನಗೆ ಹನ್ನೆರಡು ವರ್ಷ, ಶಾಲೆಗೆ ತಡವಾಗುತ್ತಿತ್ತು.

ಪಾನ್ಯಾ