ಕ್ಯಾಮೆರಾ ಇದ್ದಾಗ ಬಂದವರು

ಡರ್ಬನ್ನಿನಲ್ಲಿ ಸಿನಿಮಾ ತೆಗೆಯುವ ನೊಂಬುಸೊಗೆ, ಥೋಬೆಕಿಲೆಯ ತಾಯಿ ಯಾರಿಂದಲೂ ಬರೆಸದೆ ತಾನೇ ಬರೆದದ್ದು.

ಏಡ್ಸ್ ಇರುವ ನನ್ನ ಮಗಳು ಮಕ್ಕಳನ್ನು ಹೇಗೆ ಸಾಕುತ್ತಾಳೆಂದು ನೀನು ಚಿತ್ರ ತೆಗೆಯುವಾಗ ನಮ್ಮ ಅಂಗಳ ತುಂಬಿತ್ತು. ಪಕ್ಕದ ಮನೆಯ ಮಾಖೋಜಾ ಹೊಸ ತಲೆವಸ್ತ್ರ ಕಟ್ಟಿಕೊಂಡು ಬಂದು, “ನಮ್ ಥೋಬೆಕಿಲೆ ಏನು ಕೊಟ್ರೂ ಕುಡೀತೀನವ್ವಾ” ಎಂದು ಅವಳ ಬಟ್ಟಲಲ್ಲೇ ಹುಳಿಗಂಜಿ ಕುಡಿದಳು. ನಿನ್ನ ಗಾಡಿ ಗುಡ್ಡ ಇಳಿದದ್ದೇ ತಡ, ಅವಳಿಗೆ ನಮ್ಮ ಮನೆಯ ದಾರಿ ಮರೆತುಹೋಯಿತು.

ಥೋಬೆಕಿಲೆ ಮಾತ್ರೆ ತಪ್ಪಿಸುವುದಿಲ್ಲ, ಮೈ ತುಂಬಿಕೊಂಡಿದ್ದಾಳೆ. ಆದರೆ ದಿನವೂ ಗಂಜಿ ಹೆಚ್ಚು ಮಾಡಿ ಸಂಜೆ ಕೋಳಿಗೆ ಸುರಿಯುತ್ತಾಳೆ. “ಯಾಕೇ ಇಷ್ಟೊಂದು?” ಅಂದರೆ, “ಯಾರಾದ್ರೂ ಬಂದ್ರೆ ಅಮ್ಮಾ” ಅನ್ನುತ್ತಾಳೆ.

ಚಿತ್ರಕ್ಕೆ ಬಹುಮಾನ ಬಂತಂತೆ, ಒಳ್ಳೆಯದಾಯಿತು. ಒಂದು ಭಾನುವಾರ ಆ ಕ್ಯಾಮೆರಾ ಹೊತ್ತುಕೊಂಡು ಬಾ. ಏನೂ ತೆಗೆಯಬೇಡ, ಅಂಗಳದಲ್ಲಿ ನಿಲ್ಲಿಸಿದರೆ ಸಾಕು.

ನಿನ್ನ ಅಜ್ಜಿಯ ವಯಸ್ಸಿನವಳು,
ಮಾಜೊಂಡಿ