ನೀನು ಕೂರದ ಸೈಕಾಲಜಿ ಕ್ಲಾಸು

ಪ್ರೀತಿಯ ಬ್ರಿಜೆಟ್,

ಶನಿವಾರ ಮಧ್ಯಾಹ್ನ. ಹೊರಗೆ ಮೊಣಕಾಲುದ್ದ ಹಿಮ. ವೆಸ್ ನಿನ್ನೆ ಬೆಳಿಗ್ಗೆ ಗೂಡ್ಸ್ ರೈಲಿನ ಡ್ಯೂಟಿಗೆಂದು ಪಶ್ಚಿಮಕ್ಕೆ ಹೋದವನು ನಾಳೆ ಬರಬಹುದು, ನಾಡಿದ್ದು ಬರಬಹುದು. ಅದು ಅವನಿಗೂ ಗೊತ್ತಿರುವುದಿಲ್ಲ. ಮದುವೆಯಾಗಿ ಆರೂವರೆ ತಿಂಗಳಾದರೂ ಬಾಗಿಲ ಬಳಿ ಅವನ ದೊಡ್ಡ ಬೂಟುಗಳನ್ನು ಕಂಡರೆ ನನಗೆ ಈಗಲೂ ಸುಮ್ಮಸುಮ್ಮನೆ ನಗು ಬರುತ್ತದೆ. ಅವನ ಹಲ್ಲುಜ್ಜುವ ಬ್ರಷ್ ನನ್ನದರ ಪಕ್ಕ ನಿಂತಿರುವುದನ್ನು ನೋಡಲೆಂದೇ ಎರಡು ಸಲ ಬಚ್ಚಲಿಗೆ ಹೋಗುತ್ತೇನೆ. ನಾನು ಹೀಗೆಯೇ, ನಿನಗೆ ಗೊತ್ತು. ಸುಖ ಬಂದರೆ ಬಾಯಿ ಮುಚ್ಚುವವಳಲ್ಲ. ಈ ಕಾಗದದಲ್ಲಿ ಬರೆಯಬೇಕಾದದ್ದು ಬೇರೆಯೇ ಇದೆ, ಅದಕ್ಕೇ ಸುಖದ ಸುದ್ದಿಯನ್ನು ಮೊದಲು ಮುಗಿಸುತ್ತಿದ್ದೇನೆ.

ಒಲೆಯ ಮೇಲೆ ಮಾಂಸದ ಚಿಲಿ ಸಾರು ಕುದಿಯುತ್ತಿದೆ. ಅದರಲ್ಲಿ ಅದ್ದಿಕೊಳ್ಳಲು ದಾಲ್ಚಿನ್ನಿ ರೋಲನ್ನೂ ಮಾಡಿದ್ದೇನೆ, ನೆಬ್ರಾಸ್ಕಾದ ಯಾವ ಶಾಲೆಯ ಊಟದ ಕೋಣೆಯಲ್ಲಾದರೂ ಸಿಗುವ ಹಾಗೆ. ಹೊರ ರಾಜ್ಯದಿಂದ ಬಂದ ನನ್ನ ಮೆಡಿಕಲ್ ಸಹಪಾಠಿಗಳು ಇದನ್ನು ಕಂಡರೆ ಮುಖ ಹಿಂಡುತ್ತಾರೆ. "ಮಾಂಸದ ಸಾರಿಗೆ ಸಿಹಿ ಬ್ರೆಡ್ಡಾ? ನಿಮ್ಮೂರಲ್ಲಿ ನಾಲಿಗೆ ಇಟ್ಕೊಂಡು ಏನ್ ಮಾಡ್ತೀರಿ?" ಅಂತ ಒಬ್ಬ ಕೇಳಿದ. ನೀನಿದ್ದಿದ್ದರೆ ಅವನಿಗೆ ತಕ್ಕ ಉತ್ತರ ಸಿಗುತ್ತಿತ್ತು. ನಾನು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದೆ. ನೂರ ಮೂವತ್ತು ಜನರ ತರಗತಿಯಲ್ಲಿ ಕೊನೆಯ ಸಾಲಿನ ಎಡತುದಿ ನನ್ನದು. ಪಕ್ಕದ ಕುರ್ಚಿಯಲ್ಲಿ ನನ್ನ ಚೀಲ ಕೂರುತ್ತದೆ. ಯಾರಾದರೂ ಬಂದು ಕೂತರೆ ಮಾತಾಡಬೇಕಾಗುತ್ತದೆ, ಮಾತಾಡಿದರೆ "ನಿನಗೆ ಸೀಟು ಯಾವಾಗ ಸಿಕ್ತು?" ಎಂದು ಕೇಳುತ್ತಾರೆ.

ಬ್ರಿಜೆಟ್, ನೀನು ಆಗಸ್ಟಿನಿಂದ ಹದಿನಾಲ್ಕು ಸಲ ಕರೆ ಮಾಡಿದ್ದೀ. ನಾನು ಮೂರು ಸಲ ಎತ್ತಿದ್ದೇನೆ, ಮೂರೂ ಸಲ ಓದಿನ ನೆಪ ಹೇಳಿ ಇಟ್ಟಿದ್ದೇನೆ. ನವೆಂಬರಿನಲ್ಲಿ ನಿನ್ನ ಅಜ್ಜಿ ಬಾಬಿ ತೀರಿಕೊಂಡಾಗ ನೀನು ಕಳಿಸಿದ ಸಂದೇಶ ಇನ್ನೂ ನನ್ನ ಫೋನಿನಲ್ಲಿದೆ. "ಬಾಬಿ ಹೋದ್ಲು ಕಣೇ. ಕೊನೇ ವಾರ ನನ್ನ ಗುರುತು ಹಿಡಿದು ಚೆಕ್ ಭಾಷೇಲಿ ಚೆನ್ನಾಗಿ ಬೈದ್ಲು, ಎಲ್ಲಾ ಅರ್ಥ ಆಯ್ತು. ನೀನು ಹೇಳಿದ್ದಕ್ಕೇ ಆ ಕ್ಲಾಸ್ ತಗೊಂಡಿದ್ದು. ಥ್ಯಾಂಕ್ಸ್." ಒಂದೂವರೆ ಗಂಟೆಯ ದಾರಿ. ನಾನು ಹೂವು ಕಳಿಸಿದೆ, ಬರಲಿಲ್ಲ. ಪರೀಕ್ಷೆ ಇದೆ ಎಂದೆ. ಆ ವಾರ ಯಾವ ಪರೀಕ್ಷೆಯೂ ಇರಲಿಲ್ಲ.

ಮುಂದಿನ ವಾರ ನಿಜಕ್ಕೂ ಒಂದಿದೆ, ಮನುಷ್ಯನ ನಡವಳಿಕೆಯ ಬಗ್ಗೆ. ಅದಕ್ಕೆಂದು ನಿನ್ನ ಶೂ ಡಬ್ಬ ಕೆಳಗಿಳಿಸಿದೆ. ಕಾಲೇಜಿನ ಮೂರನೆಯ ವರ್ಷ ಮೆಡಿಕಲ್ ಪ್ರವೇಶ ಪರೀಕ್ಷೆಗೆಂದು ನೀನು ಬರೆದ ಇನ್ನೂರ ನಲವತ್ತು ಸೈಕಾಲಜಿ ಕಾರ್ಡುಗಳು. ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥ, ಅದರ ಕೆಳಗೆ ಹಸಿರು ಶಾಯಿಯಲ್ಲಿ ನಮ್ಮದೇ ಬದುಕಿನಿಂದ ಒಂದು ಉದಾಹರಣೆ. ಮೊದಲು ಕೈಗೆ ಬಂದ ಕಾರ್ಡಿನಲ್ಲಿ ಹೀಗಿತ್ತು: "ತಾನು ಮಾಡಿದ ಕೆಲಸ ತನ್ನ ಮನಸ್ಸಿಗೇ ಒಪ್ಪದಿದ್ದಾಗ, ಮನುಷ್ಯ ಕೆಲಸವನ್ನು ತಿದ್ದುವುದಿಲ್ಲ, ಕಾರಣವನ್ನು ತಿದ್ದುತ್ತಾನೆ. ಉದಾ: ಬಾಬಿ ಕಳಿಸಿದ ಗಸಗಸೆ ತುಂಬಿದ ಕೊಲಾಚ್ ಬನ್‌ಗಳನ್ನು ನೋಯೆಲ್ ಒಬ್ಬಳೇ ತಿಂದು, 'ಹಳಸಿತ್ತು, ನಿನ್ನ ಹೊಟ್ಟೆ ಕೆಡದಿರಲಿ ಅಂತ ನಾನೇ ತಿಂದೆ' ಅಂದದ್ದು."

ನನ್ನ ಹೆಸರು ಕಂಡು ನಕ್ಕೆ. ಆಮೇಲೆ ಆ ಕಾರ್ಡನ್ನು ಡಬ್ಬದಿಂದ ಬೇರೆಯಾಗಿ ತೆಗೆದಿಟ್ಟೆ.

ಎರಡನೆಯ ವರ್ಷದ ಆರಂಭ ನೆನಪಿದೆಯಾ? ನಮ್ಮ ಬಾಡಿಗೆ ಮನೆಯ ಅಲುಗಾಡುವ ಮೇಜು, ಅದರ ಮೇಲೆ ಕ್ಲಾಸುಗಳ ಪಟ್ಟಿ. ಕೆಲಸ ಹಂಚಿಕೊಂಡಿದ್ದೆವು. ಓದಿಸುವುದು ನಿನ್ನ ಪಾಲು. ಹನ್ನೊಂದು ಮೆಡಿಕಲ್ ಶಾಲೆಗಳು ಯಾವ ಯಾವ ಕ್ಲಾಸು ಕೇಳುತ್ತವೆ ಎಂದು ಹುಡುಕಿ ಬರೆದಿಡುವುದು ನನ್ನ ಪಾಲು. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಎ.ಪಿ. ಪರೀಕ್ಷೆ ಬರೆದು ಸೈಕಾಲಜಿಯಲ್ಲಿ ನಿನಗೆ ಐದಕ್ಕೆ ಐದು ಬಂದಿತ್ತು. ನನಗೆ ಎರಡು. ನಾನು ಆ ಕ್ಲಾಸನ್ನು ಕಾಲೇಜಿನಲ್ಲಿ ಮತ್ತೆ ತಗೊಳ್ಳಲೇಬೇಕಿತ್ತು. ನೀನೂ ಜೊತೆಗೆ ಕೂರುತ್ತೇನೆ ಎಂದೆ. ನಾನೇ ತಡೆದೆ.

"ಐದು ಬಂದವಳು ಮತ್ತೆ ಅಆಇಈ ಕಲಿಯೋಕೆ ಕೂರ್ತೀಯಾ? ಆ ಹೊತ್ತಲ್ಲಿ ಚೆಕ್ ಕಲಿ. ಬಾಬಿಗೆ ಇಂಗ್ಲಿಷ್ ಮರೆತು ಹೋಗ್ತಿದೆ ಅಂತ ದಿನಾ ಅಳ್ತೀಯಲ್ಲ."

"ಎ.ಪಿ. ಅಂಕ ಮೆಡಿಕಲ್‌ನೋರು ಒಪ್ತಾರಾ?"

"ಪಟ್ಟಿ ಓದಿರೋಳು ನಾನಾ, ನೀನಾ?"

ಓದಿದ್ದೆ. ಹನ್ನೊಂದರಲ್ಲಿ ಎಂಟನ್ನು. ಮಾರ್ಗದರ್ಶಕ ಹ್ಯಾಸ್ಕೆಲ್ ಕೂಡ ಎಚ್ಚರಿಸಿದ್ದರು, "ನೋಡ್ರಮ್ಮ, ಒಂದೊಂದು ಕಡೆ ಒಂದೊಂದು ರೂಲು, ಫೋನ್ ಮಾಡಿ ಕೇಳ್ಕೊಳ್ಳಿ" ಎಂದು. ಹೊರಗೆ ಬಂದಮೇಲೆ ನಾನು ಅವರ ಮೂಗಿನ ಧ್ವನಿಯನ್ನು ಅಣಕಿಸಿದೆ, ನೀನು ಬಿದ್ದು ಬಿದ್ದು ನಕ್ಕೆ. ಆದರೂ ಆ ದಿನದ ಸಲಹೆಗೆ ನನಗೆ ನಾಚಿಕೆಯಿಲ್ಲ ಬ್ರಿಜೆಟ್. ಅದು ಪ್ರೀತಿಯಿಂದ ಕೊಟ್ಟದ್ದು. ಬಾಬಿಯ ಬೈಗುಳ ನಿನಗೆ ಅರ್ಥವಾಯಿತಲ್ಲ, ಅಷ್ಟು ಮಟ್ಟಿಗೆ ಅದು ಸರಿಯಾದ ಸಲಹೆಯೇ.

ಆ ಕ್ಲಾಸಿನಲ್ಲಿ ನನಗೆ ಏನು ಸಿಕ್ಕಿತೆಂದು ನಿನಗೆ ಗೊತ್ತು. ಸೈಕಾಲಜಿ ಮೊದಲ ಕ್ಲಾಸಿನವರೆಲ್ಲ ಆರು ಗಂಟೆ ಯಾರದಾದರೂ ಪ್ರಯೋಗಕ್ಕೆ ಇಲಿಗಳಾಗಿ ಕೂರಬೇಕಿತ್ತು. ನನ್ನ ಪಾಲಿಗೆ ಬಂದದ್ದು ಐಸ್ ನೀರಿನ ಬಕೆಟ್. ಒಂದು ಕೈ ನೀರಿನಲ್ಲಿ, ಇನ್ನೊಂದು ಕೈ ಅಪರಿಚಿತನ ಕೈಯಲ್ಲಿ, ಎಷ್ಟು ಹೊತ್ತು ತಡೆಯುತ್ತೀರಿ ಎಂಬುದು ಪ್ರಯೋಗ. ಆ ಅಪರಿಚಿತ ಹತ್ತೊಂಬತ್ತು ಸೆಕೆಂಡಿಗೇ ನೀರಿನಿಂದ ಕೈ ತೆಗೆದು, "ತಾಯಿ, ನನ್ನಿಂದಾಗಲ್ಲ, ನೀವೇ ಗೆದ್ರಿ" ಎಂದ. ಇನ್ನೊಂದು ಕೈ ಮಾತ್ರ ವೆಸ್ ಬಿಡಲಿಲ್ಲ. ಮನೆಗೆ ಬಂದು ನಿನಗೆ ಆ ಕಥೆಯನ್ನು ಮೂರು ಸಲ ಹೇಳಿದೆ. ನಾಲ್ಕನೆಯ ಸಲಕ್ಕೆ ನೀನು ನನ್ನ ತಲೆಗೆ ದಿಂಬು ಎಸೆದೆ. "ಸೈಕಾಲಜಿ ಬೇಡ ಅಂತ ನನ್ನ ಓಡಿಸಿ, ಗಂಡನ್ನ ಹಿಡ್ಕೊಂಡು ಬಂದಿದೀಯ ಕಳ್ಳಿ."

ಇನ್ನು ಕಾಲೇಜಿನ ಕೊನೆಯ ವರ್ಷದ ಅಕ್ಟೋಬರ್. ನಾವಿಬ್ಬರೂ ಎಲ್ಲಕ್ಕಿಂತ ಹೆಚ್ಚು ಬಯಸಿದ್ದ ಮೆಡಿಕಲ್ ಶಾಲೆಯ ಸಂದರ್ಶನ. ನಿನ್ನದು ಮುಗಿದು ವಾರವಾಗಿತ್ತು. ನನ್ನ ದಿನ ಪ್ರವೇಶ ವಿಭಾಗದ ಹೆಂಗಸೊಬ್ಬರು ನನ್ನ ಕಾಗದಗಳನ್ನು ತಿರುವುತ್ತಾ, "ಸೈಕಾಲಜಿ ಕಾಲೇಜಲ್ಲೇ ಮಾಡಿದೀಯ, ಒಳ್ಳೇದಾಯ್ತು. ನಾವು ಎ.ಪಿ. ಒಪ್ಪಲ್ಲಮ್ಮ. ಪ್ರತೀ ವರ್ಷ ಯಾರಾದ್ರೂ ಒಬ್ರು ಅದ್ರಲ್ಲೇ ಮುಗ್ಗರಿಸ್ತಾರೆ" ಎಂದರು. ಇದು ನಾನು ಓದದ ಮೂರು ಶಾಲೆಗಳಲ್ಲಿ ಒಂದು. ಮನೆಗೆ ಹೋದ ಕೂಡಲೇ ನಿನಗೆ ಹೇಳಬೇಕು, ಮುಂದಿನ ಸೆಮಿಸ್ಟರಿಗೆ ನಿನ್ನ ಹೆಸರು ಬರೆಸಬೇಕು ಎಂದುಕೊಂಡೆ. ಹಿಂದಿರುಗುವ ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ, ಜೊತೆಗೆ ಬಂದಿದ್ದ ವೆಸ್ ಪಂಪಿನ ಪಕ್ಕದಲ್ಲಿ, ಎಣ್ಣೆಯ ಕಲೆಯ ಮೇಲೆ ಮಂಡಿಯೂರಿದ. ಮನೆಗೆ ಬಂದು ನಿನಗೆ ಉಂಗುರ ತೋರಿಸಿದೆ. ಇಬ್ಬರೂ ಮಂಚದ ಮೇಲೆ ಕುಣಿದೆವು. ಇನ್ನೊಂದು ಸುದ್ದಿ ಮರೆತೇ ಹೋಯಿತು. ಇದು ನಿಜ. ಇಷ್ಟನ್ನೇ ಇಷ್ಟು ದಿನ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ: ಖುಷಿಯಲ್ಲಿದ್ದೆ, ಮರೆತೆ.

ಆದರೆ ನನಗೆ ನೆನಪಾಯಿತು ಬ್ರಿಜೆಟ್.

ಏಪ್ರಿಲ್‌ನಲ್ಲಿ, ಬಟ್ಟೆ ಒಗೆಯುವ ಅಂಗಡಿಯಲ್ಲಿ. ಆ ಹೊತ್ತಿಗೆ ನಿನಗೆ ಸೀಟು ಸಿಕ್ಕಿ ನಾಲ್ಕು ತಿಂಗಳಾಗಿತ್ತು. ಕೇಳಿದ ಕ್ಲಾಸುಗಳೆಲ್ಲ ಮುಗಿದಿರುವ ದಾಖಲೆ ಜುಲೈ ಒಂದರೊಳಗೆ ತಲುಪಬೇಕು, ಅಷ್ಟೇ ಷರತ್ತು. ನಾನು ಕಾಯುವವರ ಪಟ್ಟಿಯಲ್ಲಿ ನಾಲ್ಕನೆಯವಳು. ನೀನು ಒಣಗಿದ ದುಪ್ಪಟಿಯ ಒಂದು ತುದಿ ಹಿಡಿದಿದ್ದೆ, ನಾನು ಇನ್ನೊಂದು. "ಬೇಸಿಗೆ ಪೂರ್ತಿ ಬಾಬಿ ಜೊತೆ. ಇನ್ನು ಆಗಸ್ಟ್ ತನಕ ಯಾವ ಕ್ಲಾಸಿನ ಮುಖಾನೂ ನೋಡಲ್ಲಪ್ಪ" ಎಂದೆ ನೀನು. ಪ್ರವೇಶ ವಿಭಾಗದ ಆ ಹೆಂಗಸಿನ ಮಾತು ಆಗ ನನ್ನ ಕಿವಿಯಲ್ಲಿ ಹೊಸದಾಗಿ ಆಡಿದಂತೆ ಕೇಳಿಸಿತು. ಬೇಸಿಗೆಯ ಆರು ವಾರದ ಸೈಕಾಲಜಿ ಕ್ಲಾಸಿಗೆ ಹೆಸರು ಬರೆಸಲು ಇನ್ನೂ ಮೂರು ವಾರ ಇತ್ತು. ಅದು ಜೂನ್ ಮುಗಿಯುವ ಮುಂಚೆ ಮುಗಿಯುತ್ತಿತ್ತು. ನಾನು ಬಾಯಿ ತೆರೆದೆ. ಏನು ಹೇಳಿದೆ ಗೊತ್ತಾ? "ಮೂಲೆ ಸರಿಯಾಗಿ ಹಿಡ್ಕೋ."

ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆ ಬಂದಾಗ, ಅವರ ಪತ್ರದಲ್ಲೇ ಬರೆದಿರುತ್ತದಲ್ಲ ಎಂದುಕೊಂಡೆ. ಅದರ ಮಾರನೆಯ ದಿನ, ನಿನಗೆ ಐದು ಬಂದಿದೆ, ನಿನ್ನಂಥವಳನ್ನು ಅವರು ಬಿಡುತ್ತಾರೆಯೇ ಎಂದುಕೊಂಡೆ. ಮೂರು ವಾರ ಹೀಗೆ ದಿನಕ್ಕೊಂದು ಕಾರಣ ಮಡಚಿಟ್ಟೆ. ಎಲ್ಲದರ ಅಡಿಯಲ್ಲಿದ್ದ ಕಾರಣ ಒಂದೇ. ಕಾಯುವವರ ಪಟ್ಟಿಯ ನಾಲ್ಕು ಎಂಬ ಸಂಖ್ಯೆ.

ಜೂನ್ ಇಪ್ಪತ್ತಕ್ಕೆ ಅವರು ನಿನಗೆ ಫೋನ್ ಮಾಡಿ, ಎ.ಪಿ. ನಡೆಯುವುದಿಲ್ಲ, ಕಾಲೇಜಿನ ಸೈಕಾಲಜಿ ಇಲ್ಲದಿದ್ದರೆ ಸೀಟಿಲ್ಲ ಎಂದರು. ಆ ಹತ್ತು ದಿನದಲ್ಲಿ ಮುಗಿಯುವ ಕ್ಲಾಸು ಈ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ನೀನು ನನಗೆ ಅಳುತ್ತಾ ಹೇಳಿದ್ದು, "ನಂದೇ ತಪ್ಪು ಕಣೇ. ನಿನ್ನ ಮೇಲೆ ಹಾಕಿ ಕೂತೆ, ನಾನೂ ಒಂದ್ಸಲ ಓದ್ಬೇಕಿತ್ತು." ನಿನ್ನ ಬೆನ್ನು ಸವರಿದೆ. ಒಂದು ವಾರಕ್ಕೆ ನನಗೆ ಫೋನ್ ಬಂತು. ಅಂದು ನನಗೆ ಸಿಕ್ಕಿದ್ದು ನಿನ್ನ ಸೀಟೇ ಆಗಿತ್ತೋ, ಬೇರೆ ಯಾರದೋ, ನನಗೆ ಗೊತ್ತಿಲ್ಲ. ಯಾರೂ ಹೇಳುವುದಿಲ್ಲ. ನೀನು ನನ್ನನ್ನು ತಬ್ಬಿಕೊಂಡು, "ನಮ್ಮಿಬ್ಬರಲ್ಲಿ ನೀನೊಬ್ಳಾದ್ರೂ ಹೋಗ್ತಿದೀಯಲ್ಲ" ಎಂದೆ. ಮನೆ ಖಾಲಿ ಮಾಡುವಾಗ ಶೂ ಡಬ್ಬವನ್ನು ನನ್ನ ಕಾರಿನೊಳಗೆ ತುರುಕಿ, "ನಂಗಿನ್ನೇನಕ್ಕೆ, ನೀನೇ ಇಟ್ಕೋ" ಎಂದೆ.

ಆಮೇಲೆ ಮದುವೆ. ನೀನು ಹಳದಿ ಉಡುಪು ತೊಟ್ಟು ನನ್ನ ಪಕ್ಕದಲ್ಲೇ ನಿಂತು ಹೂಗುಚ್ಛ ಹಿಡಿದಿದ್ದೆ. ಊಟದ ಹೊತ್ತಿಗೆ ಗ್ಲಾಸು ಎತ್ತಿ ಎಲ್ಲರ ಮುಂದೆ ಹೇಳಿದೆ: "ವೆಸ್, ಹುಷಾರು. ಇವಳ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲಲ್ಲ. ನಾಲ್ಕು ವರ್ಷದಲ್ಲಿ ನನ್ನಿಂದ ಮುಚ್ಚಿಟ್ಟಿದ್ದು ಅಂದ್ರೆ ಬಾಬಿಯ ಕೊಲಾಚ್ ಮಾತ್ರ." ಎಲ್ಲರೂ ನಕ್ಕರು. ನಾನೂ ನಕ್ಕೆ. ಫೋಟೋದಲ್ಲಿ ನನ್ನ ನಗು ಚೆನ್ನಾಗಿಯೇ ಬಂದಿದೆ. ಆ ಫೋಟೋ ಇಲ್ಲೇ ಫ್ರಿಜ್ಜಿನ ಮೇಲಿದೆ. ವೆಸ್ ಕೇಳುತ್ತಿರುತ್ತಾನೆ, "ಬ್ರಿಜೆಟ್ ಯಾಕೆ ಬರೋದೇ ಇಲ್ಲ? ಜಗಳ ಏನಾದ್ರೂ?" ಅವನಿಗೂ ಹೇಳಿಲ್ಲ. ಮೊದಲು ನಿನಗೆ. ಅವನು ಬಂದು ಬೂಟು ಬಿಚ್ಚಿದ ಮೇಲೆ ಅವನಿಗೆ.

ಕ್ಷಮಿಸು ಎಂದು ಕೇಳಲು ಈ ಕಾಗದ ಬರೆಯುತ್ತಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನಿನ್ನ ಸ್ವಭಾವವೇ ಅದು, ಆಗ ನನಗೆ ಬಿಡುಗಡೆ ಸುಲಭವಾಗುತ್ತದೆ. ನೀನು ಈಗ ಬಾಬಿಯಿದ್ದ ವೃದ್ಧಾಶ್ರಮದಲ್ಲೇ ಮುದುಕರಿಗೆ ಸ್ನಾನ ಮಾಡಿಸುತ್ತಾ, ಮತ್ತೆ ಅರ್ಜಿ ಹಾಕುವುದಿಲ್ಲ, ಒಂದು ಪಟ್ಟಿಯನ್ನೂ ಸರಿಯಾಗಿ ಓದಲಾರದವಳು ಡಾಕ್ಟರಾಗಿ ಏನು ಮಾಡುವುದು ಎಂದು ನಿನ್ನ ಅಮ್ಮನಿಗೆ ಹೇಳಿದೆಯಂತೆ. ಅದಕ್ಕೆ ಬರೆಯುತ್ತಿದ್ದೇನೆ. ಓದದವಳು ನಾನು. ಓದಲಾರದವಳು ನೀನಲ್ಲ.

ಈ ಸಲ ಎಲ್ಲವನ್ನೂ ಓದಿದ್ದೇನೆ, ಹನ್ನೊಂದನ್ನೂ. ಮಂಗಳವಾರ ಅದೇ ಪ್ರವೇಶ ವಿಭಾಗಕ್ಕೆ ಫೋನ್ ಮಾಡಿದೆ. "ಕಮ್ಯೂನಿಟಿ ಕಾಲೇಜಾದ್ರೂ ಸರಿಯಮ್ಮ, ಕೂತು ಕಲಿತಿರಬೇಕು, ಅಷ್ಟೇ" ಎಂದರು. ಬುಧವಾರ ಮತ್ತೆ ಮಾಡಿ ಬೇರೆಯವರನ್ನು ಕೇಳಿದೆ. ಅದನ್ನೇ ಹೇಳಿದರು. ನಿನ್ನ ಪ್ರವೇಶ ಪರೀಕ್ಷೆಯ ಅಂಕ ಮುಂದಿನ ವರ್ಷಕ್ಕೂ ನಡೆಯುತ್ತದೆ, ಅದನ್ನೂ ಕೇಳಿದ್ದೇನೆ. ನಿನ್ನೂರಿನಿಂದ ಇಪ್ಪತ್ತು ನಿಮಿಷದ ಕಮ್ಯೂನಿಟಿ ಕಾಲೇಜಿನಲ್ಲಿ ಎಂಟು ವಾರದ ಕ್ಲಾಸು ಮಾರ್ಚ್ ಹತ್ತಕ್ಕೆ ಶುರು, ಮಂಗಳವಾರ ಮತ್ತು ಗುರುವಾರ ಸಂಜೆ. ಹನ್ನೊಂದು ಜಾಗ ಉಳಿದಿವೆ. ನನ್ನ ಮಾತು ನಂಬಬೇಡ. ಎರಡೂ ಫೋನ್ ನಂಬರು ಹಿಂದಿನ ಪುಟದಲ್ಲಿ ಬರೆದಿದ್ದೇನೆ, ನೀನೇ ಮಾಡಿ ಕೇಳು.

ಶೂ ಡಬ್ಬವನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ನಿನಗೆ ಬೇಕಾಗುತ್ತದೆ. ಒಂದೂ ಕಾರ್ಡು ಇಟ್ಟುಕೊಂಡಿಲ್ಲ, ಇನ್ನೂರ ನಲವತ್ತೂ ಇವೆ. ಕೊಲಾಚ್ ಕಾರ್ಡನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದೇನೆ. ನಿನ್ನ ಹಸಿರು ಅಕ್ಷರಗಳ ಕೆಳಗೆ ಸ್ವಲ್ಪ ಜಾಗವಿತ್ತು. ಅಲ್ಲಿ ನನ್ನ ಕಪ್ಪು ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದೇನೆ:

"ಹಳಸಿರಲಿಲ್ಲ."

ನೀನು ಉತ್ತರ ಬರೆಯದಿದ್ದರೂ ಮಾರ್ಚ್ ಹತ್ತರ ಸಂಜೆ ಆ ಕ್ಲಾಸಿನಲ್ಲಿ, ಮುಂದಿನ ಸಾಲಿನಲ್ಲಿ, ನಿನ್ನ ಹಸಿರು ಪೆನ್ನು ಹಿಡಿದು ಕೂತಿರು. ಬಾಬಿಯ ಆಶೀರ್ವಾದ ನಿನ್ನ ಮೇಲಿರಲಿ, ಅವಳ ಬೈಗುಳಗಳ ಸಮೇತ.

ನಿನ್ನ ಪಕ್ಕದ ಕುರ್ಚಿಗೆ ಯೋಗ್ಯಳಲ್ಲದ,
ಆದರೂ ನಿನ್ನವಳೇ ಆದ
ನೋಯೆಲ್