ತಮಿಳು ಅಕ್ಷರದ ಹಾಡುಗಳು

ಕೊಯಮತ್ತೂರು

ಪ್ರೀತಿಯ ಚಿಕ್ಕಮ್ಮ,

“ನೀರಿಗಿಳಿದ ನೆರಳೇ, ಮೇಲೆ ಬಾ” ಎಂಬ ಸಾಲು ಹೀಗೇ ಇತ್ತೇ? ಎಪ್ಪತ್ತರ ದಶಕದಲ್ಲಿ ನೀವೂ ಅಮ್ಮನೂ ರೇಡಿಯೋ ಕೇಳಿ ಕಲಿತ ಹಾಡು. ಈಗ ಅಮ್ಮನಿಗೆ ಪದಗಳು ಮರೆತಿವೆ. ರಾಗವಷ್ಟೇ ಗುನುಗಿ, ಮುಂದಿನದಕ್ಕಾಗಿ ನನ್ನ ಮುಖ ನೋಡುತ್ತಾಳೆ.

ಕನ್ನಡ ಬರೆಯಲು ಬಾರದ ಅವಳು ಹಾಡುಗಳನ್ನೆಲ್ಲ ತಮಿಳು ಅಕ್ಷರದಲ್ಲಿ ಬರೆದಿಟ್ಟಿದ್ದಳಂತೆ. ಅದನ್ನು ನನ್ನ ಶಾಲೆಯ ಹಳೆಯ ನೋಟ್‌ಬುಕ್ ಎಂದುಕೊಂಡ ನಾನು, ಸುಣ್ಣ ಬಳಿಸುವಾಗ ಓದದೆಯೇ ಹಳೆ ಪೇಪರಿನವನಿಗೆ ಕೊಟ್ಟುಬಿಟ್ಟೆ.

ನಿಮಗೆ ನೆನಪಿದ್ದಷ್ಟು ಬರೆದು ಕಳಿಸಿ. ಕೈ ನಡುಗಿದರೆ ಫೋನಿನಲ್ಲಿ ಹಾಡಿದರೂ ಸಾಕು.

ನಿನ್ನೆ ಎದುರುಮನೆಯ ಕಮಲಾಕ್ಷಮ್ಮ ಬಾಗಿಲಲ್ಲೇ ನಿಂತು ಹೇಳಿದರು: “ಅಮ್ಮನ ಪಾಟ್ಟು ನೋಟ್‌ಬುಕ್ ಎಲ್ಲಿ ಮ್ಮಾ? ನೀ ಕಾಲೇಜಿಗೆ ಹೋದ್ಮೇಲೆ ದಿನಾ ತೆಗೆದು ಹಾಡೋರು. ‘ಮಗಳು ಕವಿತೆ ಓದೋಳು, ಇದನ್ನ ಕೇಳಿದ್ರೆ ನಗ್ತಾಳೆ’ ಅಂತ ನೀ ಬರೋಷ್ಟ್ರಲ್ಲಿ ಒಳಗಿಡೋರು.”

ನಿಮ್ಮ
ಪದ್ಮಪ್ರಿಯಾ